ಷರಾ

ನೆಹರೂ ಗಂಜಿನ ಹಿಂದ
ಬಂದಾದ ದಾಲ್‌ಮಿಲ್ಲಿನ ಗೋದಾಮು.
ತೊಗರಿ ಹೊಟ್ಟಿನ ವಾಸನಿ ಇನ್ನೂ ಗ್ವಾಡಿ ಬಿಟ್ಟಿಲ್ಲ.
ಚೀಲ ಒಟ್ಟೋ ಜಾಗಾದಾಗ ಈಗ ಮಂಚ, ಗಾಲಿಕುರ್ಚಿ,
ವಾಕರು, ಗಾಳಿಹಾಸಿಗಿ,
ಯಾರ್ಯಾರದೋ ಮನ್ಯಾಗ ಕೆಲಸ ಮುಗಿಸಿ
ದಾನಕ್ಕ ಬಂದ ಸಾಮಾನು.
ಆಕ್ಸಿಜನ್ ಮಷಿನ್ನು ಮೂರು. ಒಂದು ಕೆಮ್ಮತದ.
ಅದಕ್ಕೂ ಒಂದು ಗುಳಿಗಿ ಕೊಡಬೇಕಂತಾರ
ರಿಟೈರ್ ನರ್ಸು ಖಮರ್ ಆಪಾ.

ನನ್ನ ಕೆಲಸ ವಹಿ ಬರಿಯೋದು.
ತಾರೀಖು, ಹೆಸರು, ಮೊಹಲ್ಲಾ, ಫೋನು,
ಒಯ್ದದ್ದು, ತಂದದ್ದು,
ಕಡೀಕ ಒಂದು ಸಣ್ಣ ಖಾನೆ: ಷರಾ.
ತಹಶೀಲ ಕಚೇರ್ಯಾಗ ಮೂವತ್ತೊಂದು ವರ್ಷ
ಮಂದಿ ಹೊಲದ ಮುಂದ ಷರಾ ಬರದ ಕೈ ಇದು.
ಬೀಳು. ತಕರಾರು. ವಾರಸಾ ಬಾಕಿ.
ಇಲ್ಲಿ ಏನು ಬರೀಬೇಕೋ ತಿಳೀಲಿಲ್ಲ.

ಪೈಲಾ ವಾಪಸ್ ಬಂದದ್ದು ಒಂದು ವಾಕರು.
'ಆರಾಮಾತೇನ್ರಿ ಅಪ್ಪಾಗ?' ಅಂತ ನಕ್ಕೋತ ಕೇಳಿಬಿಟ್ಟೆ.
ಹುಡುಗ ವಾಕರಿನ ಕಾಲು ನೋಡಕೋತ ನಿಂತ.
ನಾಕೂ ರಬ್ಬರಿನ ಬೂಟು
ಒಯ್ದಾಗ ಇದ್ದಂಗ ಇದ್ದವು,
ಒಂದ ಹೆಜ್ಜೀನೂ ಸವದಿದ್ದಿಲ್ಲ.
ಅವತ್ತಿನಿಂದ ಕೇಳೋದು ಬಿಟ್ಟೀನಿ.

ಖರೆ, ಬರಿಗೈಲೆ ಯಾರೂ ತಂದಿಡೂದಿಲ್ಲ.
ಹಾಗರಗಾದ ಮುದುಕಿ ಸ್ಟೀಲಿನ ಬೆಡ್‌ಪ್ಯಾನು
ಬೂದಿಲೆ ತಿಕ್ಕಿ ತಿಕ್ಕಿ, ಹಳೇ ಇಳಕಲ್ ಸೆರಗಿನಾಗ ಕಟ್ಟಿ,
ಬಾಗಿನ ತಂದಂಗ ತಂದಳು.
ಶಹಾಬಾದಿನ ವೆಲ್ಡರು ಡೊಂಕಾದ ಕಾಲು ನೆಟ್ಟಗ ಮಾಡಿ
ಬೆಳ್ಳಿ ಬಣ್ಣ ಹೊಡದು ತಂದ.
ಆಳಂದ ನಾಕಾದ ಮಹಾನಂದಾ, ತೊಡಿ ಮುರಕೊಂಡಾಕಿ,
ಗಾಲಿಕುರ್ಚಿ ತಾನೇ ನೂಕ್ಕೋತ ನಡದು ಬಂದಳು.
ಸೀಟಿನ ಮ್ಯಾಲ ಹತ್ತು ಕಿಲೋ ಜ್ವಾಳ ಕುಂತಿತ್ತು,
ಬೀಗರಂಗ.

ನಾಕನೇ ನಂಬರಿನ ಮಂಚ ಬರಲಿಲ್ಲ.
ಶ್ರಾವಣದಾಗ ಹೋದದ್ದು ದೀಪಾವಳಿ ದಾಟಿತು.
ಫೋನು ಹತ್ತವಲ್ಲದು. ಲಾಡ್ಲೇಸಾಬನ ಟಂಟಂ ತಗೊಂಡು
ತಾಜ್ ಸುಲ್ತಾನಪುರಕ್ಕ ಹೋದೆ.
ಭೀಮಶಾ ಗೌಂಡಿ ಬಾಗಲದಾಗ ಇದ್ದ.
'ಒಯ್ಯರಿ,' ಅಂದ. ಅಷ್ಟ.

ಹಾಸಿಗಿ ತಗದಿದ್ದ, ಮಂಚ ಒರಸಿದ್ದ.
ತಲಿಕಡಿ ಮಾತ್ರ ಅರ್ಧಕ್ಕ ಎದ್ದು ನಿಂತಿತ್ತು,
ಚಂದಮ್ಮಗ ಉಸುರು ಸಿಗೋ ಎತ್ತರಕ್ಕ.
ಹಂಗ ಒಯ್ದರ ಟಂಟಂದಾಗ ಹಿಡಿಯೂದಿಲ್ಲ.
ನಾ ಕುಕ್ಕರಗಾಲಲೆ ಕೂತು ಹಿಡಿಕಿ ತಿರುವಿದೆ.

ಕಿರ್ರ್‌ಽ ಅಂತು.

ಬಾಜೂ ಮನ್ಯಾಕಿ ರೊಟ್ಟಿ ಬಡಿಯೋ ಕೈಲೆ ಓಡಿ ಬಂದಳು.
'ಭೀಮಶಾ ಅಣ್ಣಾ, ಎದ್ದಾಳೇನು? ನೀರು ಬೇಕಂತಾ?'
ಬಂದಾಕಿ ಹೊಸ್ತಿಲದಾಗ ನಿಂತಳು.
ಚೌಕಟ್ಟಿಗಿ ಹತ್ತಿದ ಹಿಟ್ಟಿನ ಐದು ಬೆರಳು
ನೋಡನೋಡತ ಒಣಗಿದವು.
ಯಾರೂ ಏನೂ ಅನಲಿಲ್ಲ.
ಎಷ್ಟು ರಾತ್ರಿ ಆ ಸಪ್ಪಳಕ್ಕ ಎದ್ದಿದ್ದಳೋ ಆಕಿ.

ಇನ್ನೂ ಎಂಟು ಸುತ್ತು ಬಾಕಿ.
ಹಿಡಿಕಿ ಮ್ಯಾಲಿಂದ ನನ್ನ ಕೈ ಸರಿಸಿ
ಭೀಮಶಾ ಕೂತ. ತಾನೇ ತಿರುವಿದ, ಸಾವಕಾಶ,
ಒಂದು ಕಣ್ಣು ಮುಚ್ಚಿ,
ಗ್ವಾಡಿ ಕಟ್ಟುವಾಗ ಮಟ್ಟ ನೋಡಿದಂಗ ನೋಡಕೋತ,
ಸಪಾಟ ಆಗೋತನಕ.

ರಾತ್ರಿ ವಹಿ ತಗದೆ.
ತಂದದ್ದರ ಖಾನ್ಯಾಗ ತಾರೀಖು.
ಷರಾದಾಗ: 'ಹಿಡಿಕಿ ಸಪ್ಪಳ ಮಾಡತದ.'
ಕೆಳಗಿನ ಸಾಲಿಗಿ ಹೆಸರು ಆಗಲೇ ಬಿದ್ದಿತ್ತು,
ರೋಜಾ ಕಡೀದು ಒಂದು ಮನಿ,
ಮುಂಜಾನೆ ಏಳಕ್ಕ ಬರ್ತೀವಂದಾರ.
ಖಮರ್ ಆಪಾ ಕುಸಬಿ ಎಣ್ಣಿ ಬಟ್ಟಲ ತಂದರು.
'ಬಿಡಲಾ?'

ಒಂದ ಹನಿ ಬಿಡರಿ, ಅಂದೆ.
ಪೂರಾ ಬಾಯಿ ಕಟ್ಟಬ್ಯಾಡರಿ.
ಬಾಜೂದವರಿಗಿ ಕೇಳಬೇಕು.